ಹಳೆಯ ನುಡಿ ಫೈಲುಗಳನ್ನು ಓದಿಸುವ ಉಚಿತ ಪರಿವರ್ತಕ: ಕೊಪ್ಪಳದ ಡಿಟಿಪಿ ಮೇಜಿನಿಂದ ಒಂದು ವಿಮರ್ಶೆ

ಕೊಪ್ಪಳ ಜಿಲ್ಲೆಯ ಯಾವುದೇ ಡಿಟಿಪಿ (ಕಂಪ್ಯೂಟರ್ ಅಕ್ಷರಜೋಡಣೆ) ಅಂಗಡಿ, ಮುದ್ರಣಾಲಯ, ಶಾಲೆ ಅಥವಾ ಸಹಕಾರ ಸಂಘದ ಕಂಪ್ಯೂಟರಿನಲ್ಲಿ ಹುಡುಕಿದರೂ ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ ಇಲ್ಲವೆ ಬರಹದ ಫಾಂಟಿನಲ್ಲಿ ಟೈಪು ಮಾಡಿದ ಹಳೆಯ ಫೈಲುಗಳ ರಾಶಿ ಸಿಗುತ್ತದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಾಮೂಹಿಕ ವಿವಾಹದ ಆಮಂತ್ರಣ, ಸಂಘದ ಉಪನಿಯಮ, ವಾರ್ಷಿಕ ವರದಿ, ಶಾಲೆಯ ಸಂಚಿಕೆ, ಅರ್ಜಿ ನಮೂನೆ, ಹೀಗೆ ಇಪ್ಪತ್ತು ವರ್ಷಗಳಲ್ಲಿ ಜನ ಬರೆಸಿಕೊಂಡದ್ದೆಲ್ಲ ಅವುಗಳಲ್ಲಿದೆ. ಆದರೆ ಆ ಫೈಲನ್ನು ಫಾಂಟ್ ಇಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನಲ್ಲಿ ತೆರೆದ ಕೂಡಲೇ ಕನ್ನಡ ಮಾಯವಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಈ ಕಿರಿಕಿರಿಗೆ ಇರುವ ಬಹು ಸರಳವಾದ ಮದ್ದು, ಅರವಿಂದ ವಿ.ಕೆ. ಅವರು ರಚಿಸಿ ತಮ್ಮ ಜಾಲತಾಣದಲ್ಲಿ ಉಚಿತವಾಗಿ ಒದಗಿಸಿದ ‘ಆಸ್ಕಿ ಟು ಯೂನಿಕೋಡ್’ ಪರಿವರ್ತಕ. ಇಲ್ಲಿ ಆಸ್ಕಿ ಎಂದರೆ ನುಡಿ, ಬರಹಗಳ ಹಳೆಯ ಸಂಕೇತ ಪದ್ಧತಿ; ಯೂನಿಕೋಡ್ ಎಂದರೆ ಪ್ರತಿಯೊಂದು ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಈಗಿನ ಜಾಗತಿಕ ಪದ್ಧತಿ. ಅಕ್ಷರಜೋಡಣೆಯನ್ನೇ ಕಸುಬು ಮಾಡಿಕೊಂಡಿರುವ ನನಗೆ ಇದು ದಿನನಿತ್ಯದ ಸಾಧನವಾಗಿರುವುದರಿಂದ, ಇದು ಏನು ಮಾಡುತ್ತದೆ, ಏನು ಮಾಡಲಾರದು, ಮತ್ತು ನಮ್ಮ ಭಾಗದವರು ಇದನ್ನು ಬಳಸುವಾಗ ಎಲ್ಲಿ ಕಣ್ಣಿಟ್ಟು ನೋಡಬೇಕು ಎಂಬುದನ್ನು ವಿವರವಾಗಿ ಹೇಳಬೇಕೆನಿಸಿದೆ.

ತೊಂದರೆಯ ಮೂಲವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಗೊತ್ತಿದ್ದರೆ ಪರಿವರ್ತಕದ ಗುಣದೋಷಗಳು ತಾವಾಗಿಯೇ ಅರ್ಥವಾಗುತ್ತವೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ಅದನ್ನು ತೆರೆಯ ಮೇಲೆ ಸರಿಯಾಗಿ ಮೂಡಿಸುವ ಕಂಪ್ಯೂಟರುಗಳು ನಮ್ಮ ಊರುಗಳಿಗೆ ಬರಲು ಬಹಳ ಕಾಲ ಹಿಡಿಯಿತು. ತುಂಗಾ ಎಂಬ ಕನ್ನಡ ಫಾಂಟು ಸೇರಿಕೊಂಡು ಬಂದ ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾದದ್ದು 2001ರಲ್ಲಿ. ಶೇಷಾದ್ರಿವಾಸು ಅವರ ಬರಹ 1998ರಲ್ಲಿಯೇ ಬಂದಿತ್ತು. ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಿತು, ಮತ್ತು ಸರ್ಕಾರಿ ಕಚೇರಿಗಳಲ್ಲಿ ಅದೇ ನೆಲೆಗೊಂಡಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ನಮ್ಮ ಬೆರಳುಗಳಿಗೆ ಕಲಿಸಿದ್ದೂ ನುಡಿಯೇ. ಆ ಕಾಲದಲ್ಲಿ ಕನ್ನಡ ಕಂಪ್ಯೂಟರಿನಲ್ಲಿ ಮೂಡಿದ್ದೇ ಇವುಗಳಿಂದ ಎಂಬ ಕೃತಜ್ಞತೆ ನನಗಿದೆ.

ಇವು ಅನುಸರಿಸಿದ ದಾರಿ ಹೀಗಿತ್ತು. ಇಂಗ್ಲಿಷ್ ಹಾಗೂ ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆಂದು ಇದ್ದ 256 ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಯಿತು. ಕಂಪ್ಯೂಟರಿನ ಮಟ್ಟಿಗೆ ಫೈಲಿನಲ್ಲಿರುವುದು ರೋಮನ್ ಅಕ್ಷರವೇ; ನುಡಿ ಫಾಂಟ್ ಇದ್ದಾಗ ಮಾತ್ರ ಅದು ಕನ್ನಡದ ರೂಪದಲ್ಲಿ ಕಾಣುತ್ತದೆ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡರೆ, ಫಾಂಟು ಕಳಚಿದ ಮೇಲೆ ಉಳಿಯುವುದು ಒಂದು ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಬ್ರಿಟನ್ನಿನ ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಓರೆಗೆರೆಯ ಎ. ಇಲ್ಲಿ ಪಿ ಎಂಬುದು ತಲೆಕಟ್ಟಿಲ್ಲದ ‘ಕ’, ಓರೆಗೆರೆಯ ಎ ಎಂಬುದು ತಲೆಕಟ್ಟು, ಪೌಂಡ್ ಗುರುತು ‘ನ’ಕಾರದ ದೇಹ, ಜರ್ಮನ್ ಅಕ್ಷರ ‘ನ’ದ ಒತ್ತು. ತಾಲ್ಲೂಕು ಮಟ್ಟದ ಕಚೇರಿಯೊಂದರಿಂದ ವಾಟ್ಸ್‌ಆ್ಯಪ್ ಮೂಲಕ ಬಂದ ಸುತ್ತೋಲೆಯನ್ನು ಮೊಬೈಲಿನಲ್ಲಿ ತೆರೆದು, “ಇದೇನ್ರೀ ಅಣ್ಣಾರ, ಫೈಲ್ ಕೆಟ್ಟೈತಿ?” ಎಂದು ಕೇಳಿಕೊಂಡು ಅಂಗಡಿಗೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಫೈಲು ಕೆಟ್ಟಿಲ್ಲ, ಅದರೊಳಗಿನ ಮಾತೆಲ್ಲ ಹಾಗೆಯೇ ಇದೆ, ತೋರಿಸುವ ಫಾಂಟು ಮಾತ್ರ ನಿಮ್ಮ ಮೊಬೈಲಿನಲ್ಲಿ ಇಲ್ಲ.

ಪರಿವರ್ತಕದ ಬಳಕೆ ಬಹು ಸುಲಭ. ಹಳೆಯ ಫೈಲಿನ ಮ್ಯಾಟರನ್ನು ಕಾಪಿ ಮಾಡಿ ಪುಟದಲ್ಲಿರುವ ಚೌಕದೊಳಗೆ ಅಂಟಿಸಿ ಗುಂಡಿ ಒತ್ತಿದರೆ, ಯೂನಿಕೋಡ್ ಕನ್ನಡದ ಪಠ್ಯ ಸಿದ್ಧವಾಗುತ್ತದೆ. ಅದನ್ನು ಎತ್ತಿಕೊಂಡು ವರ್ಡ್, ಇಮೇಲ್, ವಾಟ್ಸ್‌ಆ್ಯಪ್, ಎಲ್ಲಿ ಬೇಕೆಂದರೆ ಅಲ್ಲಿ ಹಾಕಬಹುದು. ಖಾತೆ ತೆರೆಯಬೇಕಿಲ್ಲ, ಹಣ ಕಟ್ಟಬೇಕಿಲ್ಲ. ಇದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಮುಕ್ತವಾಗಿ ಬಿಟ್ಟಿರುವುದರಿಂದ ಪ್ರೋಗ್ರಾಮಿಂಗ್ ಬಲ್ಲವರು ಅದನ್ನು ಇಳಿಸಿಕೊಂಡು ತಮ್ಮದೇ ಕಂಪ್ಯೂಟರಿನಲ್ಲಿ ನಡೆಸಿಕೊಳ್ಳಲೂಬಹುದು. ಬರಹದ ಬಿಆರ್‌ಎಚ್ ಫಾಂಟುಗಳ ಸಂಕೇತ ಹಂಚಿಕೆ ನುಡಿಯದ್ದಕ್ಕೆ ಹೊಂದುವುದರಿಂದ ಎರಡಕ್ಕೂ ಇದೊಂದೇ ಸಾಕಾಗುತ್ತದೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಟೈಪು ಮಾಡಿದ ಫೈಲುಗಳಿಗೆ ಮಾತ್ರ ಇದು ನಡೆಯದು, ಏಕೆಂದರೆ ಅಲ್ಲಿ ಸಂಕೇತಗಳ ಹಂಚಿಕೆಯೇ ಬೇರೆ. ಶ್ರೀಲಿಪಿಯ ಮ್ಯಾಟರನ್ನು ಇದರಲ್ಲಿ ಹಾಕಿ ಕಸ ಬಂತೆಂದು ದೂರುವುದು ನ್ಯಾಯವಲ್ಲ.

ಇಷ್ಟು ಸುಲಭವಾಗಿ ಕಾಣುವ ಕೆಲಸ ಒಳಗೆ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ನಮ್ಮೂರಿನ ಪದಗಳಿಂದಲೇ ತೋರಿಸಬಹುದು. ಕೊಪ್ಪಳದಲ್ಲಿ ಮುದ್ರಣವಾಗುವ ಲಗ್ನಪತ್ರಿಕೆಗಳಲ್ಲಿ ಬಹುಪಾಲಿನ ತಲೆಯ ಮೇಲೆ ‘ಶ್ರೀ ಗವಿಸಿದ್ಧೇಶ್ವರ ಪ್ರಸನ್ನ’ ಎಂದೋ ‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ’ ಎಂದೋ ಇರುತ್ತದೆ. ಗವಿಸಿದ್ಧೇಶ್ವರ ಎಂಬಲ್ಲಿಯ ‘ದ್ಧೇ’ ಎಂಬ ಒಂದೇ ಅಕ್ಷರವನ್ನು ನೋಡಿ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಸಂಗ್ರಹವಾಗಿರುತ್ತದೆ: ಮೊದಲು ‘ದ’ದ ದೇಹ, ಅದರ ಮೇಲೆ ಎತ್ವ, ಆಮೇಲೆ ಕೆಳಗಿನ ‘ಧ’ದ ಒತ್ತು, ಕೊನೆಯಲ್ಲಿ ದೀರ್ಘದ ಕೊಂಬು. ಯೂನಿಕೋಡಿನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿರಬೇಕು: ‘ದ’, ಅರ್ಧಾಕ್ಷರದ ಗುರುತು, ‘ಧ’, ಆಮೇಲೆ ಒಂದೇ ಸಂಕೇತವಾಗಿ ಏತ್ವ. ಅಂದರೆ ಪರಿವರ್ತಕವು ಎತ್ವವನ್ನು ಕೈಯಲ್ಲಿ ಹಿಡಿದುಕೊಂಡು, ಒತ್ತನ್ನು ಅದಕ್ಕಿಂತ ಮೊದಲಿಗೆ ತಂದು, ಮುಂದೆ ದೀರ್ಘ ಬಂದಿತೆಂದು ಗಮನಿಸಿ, ಎತ್ವವನ್ನು ಏತ್ವವಾಗಿ ಬದಲಾಯಿಸಿ, ಸರಿಯಾದ ಜಾಗದಲ್ಲಿ ಇಡಬೇಕು. ಈ ಪರಿವರ್ತಕ ಅದನ್ನು ತಪ್ಪಿಲ್ಲದೆ ಮಾಡುತ್ತದೆ.

ಯಲಬುರ್ಗಾ ಎಂಬ ಹೆಸರಿನಲ್ಲಿ ಇನ್ನೊಂದು ಪರೀಕ್ಷೆಯಿದೆ. ಅರ್ಕಾವತ್ತು ಬರವಣಿಗೆಯಲ್ಲಿ ‘ಗಾ’ದ ನಂತರ ಬರುತ್ತದೆ, ಉಚ್ಚಾರಣೆಯಲ್ಲಿ ಅದಕ್ಕಿಂತ ಮೊದಲು ಬರುತ್ತದೆ. ನುಡಿ ಫೈಲು ಬರವಣಿಗೆಯ ಕ್ರಮವನ್ನೂ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನೂ ಅನುಸರಿಸುವುದರಿಂದ, ಪರಿವರ್ತಕವು ಅರ್ಕಾವತ್ತನ್ನು ಕಂಡಾಗ ಹಿಂದಕ್ಕೆ ಹೋಗಿ ಒಂದು ಇಡೀ ಅಕ್ಷರವನ್ನು ದಾಟಿ ಅದಕ್ಕಿಂತ ಮೊದಲು ‘ರ್’ ಅನ್ನು ಸೇರಿಸಬೇಕು. ಎಷ್ಟು ಹಿಂದಕ್ಕೆ ಹೋಗಬೇಕೆಂಬುದು ಆ ಅಕ್ಷರಕ್ಕೆ ಒತ್ತು ಇದೆಯೇ, ಸ್ವರಚಿಹ್ನೆ ಇದೆಯೇ ಎಂಬುದರ ಮೇಲೆ ಬದಲಾಗುತ್ತದೆ. ಕಾರ್ಯದರ್ಶಿ, ಅರ್ಜಿದಾರ, ವಾರ್ಷಿಕ, ನಿರ್ದೇಶಕ, ವರ್ಗಾವಣೆ ಮೊದಲಾದ ಕಚೇರಿ ಪದಗಳಲ್ಲೆಲ್ಲ ಅರ್ಕಾವತ್ತು ತುಂಬಿರುವುದರಿಂದ ಇಲ್ಲಿ ಎಡವುವ ಪರಿವರ್ತಕ ನಮಗೆ ಉಪಯೋಗವಿಲ್ಲ. ಹೊಸದಾಗಿ ಯಾವುದೇ ಪರಿವರ್ತಕ ಕೈಗೆ ಬಂದರೂ ನಾನು ಮೊದಲು ಹಾಕಿ ನೋಡುವುದು ‘ಶ್ರೀ ಗವಿಸಿದ್ಧೇಶ್ವರ’ ಮತ್ತು ‘ಯಲಬುರ್ಗಾ’ ಎಂಬ ಈ ಎರಡು ಪದಗಳನ್ನೇ.

ಮತ್ತೊಂದು ಸ್ವಾರಸ್ಯ ‘ಮ’ ಮತ್ತು ‘ಯ’ಗಳದ್ದು. ನುಡಿಯಲ್ಲಿ ‘ಮ’ಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ, ‘ವ’ಕಾರದ ದೇಹಕ್ಕೆ ತಲೆಕಟ್ಟನ್ನೂ ಕೊಂಬನ್ನೂ ಸೇರಿಸಿ ಅದನ್ನು ಕಟ್ಟಲಾಗಿದೆ. ಹಾಗಾದರೆ ‘ವು’ ಎಂದು ಬರೆಯುವುದು ಹೇಗೆ ಎಂದರೆ, ‘ಪ’ ಮತ್ತು ‘ವ’ಗಳಿಗೆ ತಗಲುವ ಕೊಂಬಿಗೆ ಬೇರೆಯೇ ಸಂಕೇತವಿದೆ. ಒಂದೇ ಒಂದು ಸಂಕೇತ ಬದಲಾದರೆ ‘ಮ’ ಹೋಗಿ ‘ವು’ ಆಗುತ್ತದೆ. ‘ಯ’ಕಾರವಂತೂ ನಾಲ್ಕು ಸಂಕೇತಗಳ ಕಟ್ಟಡ, ಮತ್ತು ಅದರ ಮೊದಲ ಸಂಕೇತವಾದ ದೊಡ್ಡ ಎ ಒಂಟಿಯಾಗಿ ಬಂದರೆ ಅನುಸ್ವಾರದ ಸೊನ್ನೆಯಾಗುತ್ತದೆ. ಆದ್ದರಿಂದ ಪರಿವರ್ತಕವು ಒಂದೊಂದೇ ಸಂಕೇತವನ್ನು ನೋಡಿ ನಿರ್ಧರಿಸಲಾರದು. ಮುಂದೆ ಏನಿದೆ ಎಂದು ನೋಡಿ, ಸಾಧ್ಯವಾದಷ್ಟು ಉದ್ದದ ಗುಂಪನ್ನು ಹಿಡಿದು, ಆಮೇಲೆ ಅಕ್ಷರ ತೀರ್ಮಾನಿಸಬೇಕು. ಮಹಾವಿದ್ಯಾಲಯ ಎಂಬ ಒಂದು ಪದದಲ್ಲಿ ಇಂಥ ತೀರ್ಮಾನಗಳು ಎಷ್ಟು ನಡೆಯುತ್ತವೆ ಎಂದು ಯೋಚಿಸಿದರೆ, ಗುಂಡಿ ಒತ್ತಿದ ಕ್ಷಣದಲ್ಲಿ ಪುಟಗಟ್ಟಲೆ ಮ್ಯಾಟರು ತಪ್ಪಿಲ್ಲದೆ ಬರುವುದನ್ನು ಕಂಡು ಇದನ್ನು ಬರೆದವರ ಶ್ರದ್ಧೆಗೆ ಮನಸ್ಸು ತುಂಬಿ ಬರುತ್ತದೆ.

ಇಷ್ಟೆಲ್ಲ ಮೆಚ್ಚಿ ಹೇಳಿದ ಮೇಲೆ, ಕಣ್ಣಿಟ್ಟು ನೋಡಲೇಬೇಕಾದ ಜಾಗಗಳನ್ನು ಹೇಳುವುದು ನನ್ನ ಕರ್ತವ್ಯ. ಇವು ಈ ಒಂದು ಪರಿವರ್ತಕದ ದೋಷಗಳಲ್ಲ. ಬರಿಯ ಪಠ್ಯವನ್ನು ತೆಗೆದುಕೊಂಡು ಕೆಲಸ ಮಾಡುವ ಎಲ್ಲ ಪರಿವರ್ತಕಗಳಿಗೂ ಇರುವ ಮಿತಿಗಳು.

ಎಲ್ಲಕ್ಕಿಂತ ದೊಡ್ಡದು ಇಂಗ್ಲಿಷ್ ಅಕ್ಷರಗಳ ಸಮಸ್ಯೆ. ವರ್ಡ್ ಫೈಲಿನಲ್ಲಿ ಕನ್ನಡಕ್ಕೆ ನುಡಿ ಫಾಂಟನ್ನೂ ನಡುವಿನ ಇಂಗ್ಲಿಷಿಗೆ ಟೈಮ್ಸ್ ನ್ಯೂ ರೋಮನ್ ಫಾಂಟನ್ನೂ ಹಾಕಿರುತ್ತೇವೆ. ಕಾಪಿ ಮಾಡಿ ಚೌಕದಲ್ಲಿ ಅಂಟಿಸಿದಾಗ ಫಾಂಟಿನ ಮಾಹಿತಿ ಹೋಗಿಬಿಡುತ್ತದೆ, ಉಳಿಯುವುದು ಸಂಕೇತ ಮಾತ್ರ. ಆಗ ನಿಜವಾದ ಇಂಗ್ಲಿಷ್ ಯಾವುದು, ಕನ್ನಡದ ವೇಷದಲ್ಲಿರುವ ಇಂಗ್ಲಿಷ್ ಯಾವುದು ಎಂದು ತಿಳಿಯುವ ದಾರಿಯೇ ಪರಿವರ್ತಕಕ್ಕೆ ಇರುವುದಿಲ್ಲ. ಎಲ್ಲವನ್ನೂ ಕನ್ನಡಕ್ಕೆ ತಿರುಗಿಸುತ್ತದೆ. ಇಮೇಲ್ ವಿಳಾಸವೋ ಜಾಲತಾಣದ ಹೆಸರೋ ಕಸವಾದರೆ ಓದಿದವರಿಗೆ ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವ ತಪ್ಪುಗಳೇ ಅಪಾಯಕಾರಿ, ಮತ್ತು ನಮ್ಮ ಭಾಗಕ್ಕೆ ಸಂಬಂಧಿಸಿದಂತೆ ಅವುಗಳಲ್ಲಿ ಒಂದನ್ನು ಎಲ್ಲರೂ ನೆನಪಿಡಬೇಕು.

ನುಡಿಯಲ್ಲಿ ದೊಡ್ಡಕ್ಷರದ ಸಿ ಎಂಬುದು ‘ಅ’, ಡಿ ಎಂಬುದು ‘ಆ’, ಹೀಗೆ ಸ್ವರಗಳು ಸಾಲಾಗಿ ಕೂತಿವೆ. ಆ ಸಾಲಿನಲ್ಲಿ ದೊಡ್ಡಕ್ಷರದ ಜೆ ಎಂಬುದು ‘ಎ’. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡಿದ ಸಂವಿಧಾನದ 371ನೆಯ ಅನುಚ್ಛೇದದ ಜೆ ವಿಧಿಯನ್ನು ನಮ್ಮ ಅರ್ಜಿ ನಮೂನೆಗಳಲ್ಲಿ ಆವರಣದೊಳಗೆ ಒಂದೇ ಒಂದು ಇಂಗ್ಲಿಷ್ ಅಕ್ಷರ ಹಾಕಿ ಬರೆಯುವ ರೂಢಿಯಿದೆ. ಅಂಥ ನಮೂನೆಯನ್ನು ಪರಿವರ್ತಿಸಿದರೆ 371(ಜೆ) ಎಂಬುದು ಸದ್ದಿಲ್ಲದೆ 371(ಎ) ಎಂದು ಬದಲಾಗುತ್ತದೆ. ಉಳಿದ ವಾಕ್ಯವೆಲ್ಲ ಶುದ್ಧ ಕನ್ನಡವಾಗಿ ಬಂದಿರುವುದರಿಂದ ಪ್ರೂಫ್ ನೋಡುವವರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. 371ರ ಎ ವಿಧಿ ಇರುವುದು ನಾಗಾಲ್ಯಾಂಡ್ ರಾಜ್ಯಕ್ಕೆ ಸಂಬಂಧಿಸಿದಂತೆ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಈ ಭಾಗದ ಜನ ಬಹು ಕಾಲದ ಬೇಡಿಕೆಯ ನಂತರ ಪಡೆದ ಹಕ್ಕನ್ನು ಉಲ್ಲೇಖಿಸುವ ಪತ್ರದಲ್ಲಿ ಈ ತಪ್ಪು ಉಳಿಯಬಾರದು. ವಿದ್ಯಾರ್ಥಿಗಳ ಅರ್ಹತಾ ಪತ್ರದ ಅರ್ಜಿ, ನೇಮಕಾತಿಯ ಅರ್ಜಿ, ಸಂಘಟನೆಗಳ ಮನವಿಪತ್ರ, ಇವುಗಳನ್ನು ಪರಿವರ್ತಿಸಿದಾಗ ಮೊದಲು 371 ಎಂದು ಹುಡುಕಿ ಪ್ರತಿಯೊಂದು ಕಡೆಯೂ ಅಕ್ಷರವನ್ನು ಪರೀಕ್ಷಿಸಬೇಕು.

ಇದಕ್ಕೆ ನಾನು ಅನುಸರಿಸುವ ಕ್ರಮ ಸರಳವಾಗಿದೆ. ಕಾಪಿ ಮಾಡುವ ಮೊದಲೇ ವರ್ಡಿನ ಫೈಂಡ್ ಸೌಲಭ್ಯದಲ್ಲಿ ಪದದ ಬದಲು ಫಾಂಟನ್ನು ಕೊಟ್ಟು ಹುಡುಕಬಹುದು. ಟೈಮ್ಸ್ ನ್ಯೂ ರೋಮನ್ ಅಥವಾ ಏರಿಯಲ್ ಫಾಂಟಿನಲ್ಲಿರುವುದನ್ನೆಲ್ಲ ಹುಡುಕಿಸಿ ಕೆಂಪು ಬಣ್ಣ ಹಾಕಿದರೆ ಇಂಗ್ಲಿಷ್ ಎಲ್ಲೆಲ್ಲಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಆಮೇಲೆ ಆ ಪ್ರತಿಯೊಂದು ತುಣುಕಿನ ಜಾಗದಲ್ಲಿ ಮ್ಯಾಟರಿನಲ್ಲಿ ಬೇರೆಲ್ಲೂ ಬಾರದ ಒಂದು ಸಂಖ್ಯೆಯನ್ನು, ಉದಾಹರಣೆಗೆ 77701, 77702 ಎಂದು, ಹಾಕುತ್ತೇನೆ. ನುಡಿಯಲ್ಲಿ ಅಂಕಿಗಳ ಸಂಕೇತ ಬದಲಾಗಿಲ್ಲದ ಕಾರಣ ಸಂಖ್ಯೆಗಳು ಪರಿವರ್ತನೆಯಲ್ಲಿ ಹಾಗೆಯೇ ದಾಟಿಕೊಳ್ಳುತ್ತವೆ. ಪರಿವರ್ತನೆಯಾದ ಮೇಲೆ ಆ ಸಂಖ್ಯೆಗಳ ಜಾಗದಲ್ಲಿ ಮೂಲ ಇಂಗ್ಲಿಷನ್ನು ಮರಳಿ ಕೂರಿಸಿದರಾಯಿತು. ದಾಸೋಹಕ್ಕೆ ದೇಣಿಗೆ ಕೋರುವ ಕರಪತ್ರಗಳಲ್ಲಿ ಬ್ಯಾಂಕಿನ ಖಾತೆ ಸಂಖ್ಯೆಯ ಪಕ್ಕದಲ್ಲಿ ಐಎಫ್‌ಎಸ್‌ಸಿ ಸಂಕೇತವಿರುತ್ತದೆ. ಅದರ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಈ ಕ್ರಮದಿಂದಲೇ ಕಾಪಾಡಿಕೊಳ್ಳಬೇಕು.

ಅಂಕಿಗಳ ವಿಷಯದಲ್ಲೂ ಒಂದು ಮಾತಿದೆ. ನುಡಿಯಲ್ಲಿ ಹೆಸರಿನ ಕೊನೆಗೆ ‘ಇ’ ಇರುವ ಫಾಂಟುಗಳಲ್ಲಿ ಅಂಕಿಗಳು ಇಂಗ್ಲಿಷಿನಲ್ಲೂ ‘ಕೆ’ ಇರುವವುಗಳಲ್ಲಿ ಕನ್ನಡದಲ್ಲೂ ಕಾಣುತ್ತವೆ, ಸಂಕೇತ ಮಾತ್ರ ಎರಡಕ್ಕೂ ಒಂದೇ. ಆದ್ದರಿಂದ ಲಗ್ನಪತ್ರಿಕೆಯಲ್ಲಿ ಕನ್ನಡ ಅಂಕಿಯಲ್ಲಿದ್ದ ತಾರೀಖು ಪರಿವರ್ತನೆಯ ನಂತರ ಇಂಗ್ಲಿಷ್ ಅಂಕಿಯಲ್ಲಿ ಬರಬಹುದು. ಅರ್ಥ ಕೆಡುವುದಿಲ್ಲವಾದರೂ ಗಿರಾಕಿಗಳು ಕನ್ನಡ ಅಂಕಿಯೇ ಬೇಕೆಂದು ಕೇಳಿದ್ದರೆ ಗಮನಿಸಬೇಕು.

ಮುಂದಿನದು ಹೆಸರುಗಳು. ಹುಸೇನ್‌ಸಾಬ್, ಮೆಹಬೂಬ್‌ಸಾಬ್, ರಾಜ್‌ಕುಮಾರ್ ಇಂಥ ಹೆಸರುಗಳಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಬೇಕು. ಹಳೆಯ ಫಾಂಟಿನಲ್ಲಿ ಅದು ಪ್ರತ್ಯೇಕ ಚಿತ್ರವಾಗಿರುವುದರಿಂದ ತಾನಾಗಿಯೇ ಬಿಡಿಯಾಗಿ ನಿಲ್ಲುತ್ತಿತ್ತು. ಯೂನಿಕೋಡಿನಲ್ಲಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಎರಡೂ ಕೂಡಿ ಒತ್ತಕ್ಷರವಾಗುವುದೇ ನಿಯಮ. ಬಿಡಿಯಾಗಿ ನಿಲ್ಲಿಸಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಹಾಕಬೇಕಾಗುತ್ತದೆ. ಅದು ಬೀಳದೆ ಹೋದಾಗ ಹುಸೇನ್‌ಸಾಬ್ ಎಂಬ ಹೆಸರು ‘ಹುಸೇನ್ಸಾಬ್’ ಎಂದು ಕೂಡಿಕೊಂಡು ಕಾಣುತ್ತದೆ. ಉರುಸಿನ ಕರಪತ್ರದಲ್ಲಿ, ಸಾಮೂಹಿಕ ವಿವಾಹದ ದಾನಿಗಳ ಪಟ್ಟಿಯಲ್ಲಿ, ತಮ್ಮ ಹೆಸರು ಹೀಗೆ ಬಂದದ್ದನ್ನು ಕಂಡವರಿಗೆ ಆಗುವ ಬೇಸರ ನನಗೆ ಗೊತ್ತು. ಪಟ್ಟಿಯಲ್ಲಿ ಸಾಲಾಗಿ ಬರುವ ಹೆಸರುಗಳೇ ಮುದ್ರಿತ ಹಾಳೆಯಲ್ಲಿ ಜನ ಮೊದಲು ಓದುವ ಭಾಗ. ಹೆಸರುಗಳಷ್ಟನ್ನು ಪ್ರತ್ಯೇಕವಾಗಿ, ಮೂಲವನ್ನು ಪಕ್ಕದಲ್ಲಿ ಇಟ್ಟುಕೊಂಡು, ಇಬ್ಬರು ಕೂತು ಒಬ್ಬರು ಓದಿ ಇನ್ನೊಬ್ಬರು ನೋಡುವುದು ಒಳ್ಳೆಯದು. ರ‍್ಯಾಂಕ್, ರ‍್ಯಾಲಿ ಎಂಬ ಪದಗಳಲ್ಲೂ ಇಂಥದೇ ಕಾಣದ ಗುರುತಿನ ಅಗತ್ಯವಿದೆ. ಅದಿಲ್ಲದಿದ್ದರೆ ಅರ್ಕಾವತ್ತು ಬಂದು ಕೂರುತ್ತದೆ.

ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಿಂದ ತೆಗೆದ ಮ್ಯಾಟರಿನಲ್ಲಿ ಸಾಲುಗಳು ಎಲ್ಲೆಂದರಲ್ಲಿ ಮುರಿದಿರುತ್ತವೆ. ಅದನ್ನು ಸೇರಿಸಿಕೊಳ್ಳುವ ಕೆಲಸ ಕೈಯಿಂದಲೇ ಆಗಬೇಕು.

ಈ ಸಾಧನದಿಂದ ನನಗೆ ದೊರೆತ ಅತಿ ದೊಡ್ಡ ಸಂತೋಷವೆಂದರೆ ಹಳೆಯ ಪಿಡಿಎಫ್‌ಗಳನ್ನು ಓದಿಸಿಕೊಂಡದ್ದು. ನುಡಿ ಫಾಂಟಿನಲ್ಲಿ ಸಿದ್ಧಪಡಿಸಿ ಪಿಡಿಎಫ್ ಮಾಡಿದ ಪುಟ ಕಣ್ಣಿಗೆ ಚೆಂದದ ಕನ್ನಡವಾಗಿ ಕಾಣುತ್ತದೆ, ಆದರೆ ಅದರಲ್ಲಿ ಒಂದು ಪದ ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿದರೆ ರೋಮನ್ ಕಸ ಬರುತ್ತದೆ. ಆ ಕಸವನ್ನೇ ತಂದು ಪರಿವರ್ತಕದಲ್ಲಿ ಹಾಕಿದರೆ, ಫಾಂಟಿನ ಸಂಕೇತಗಳು ಪಿಡಿಎಫ್‌ನಲ್ಲಿ ಉಳಿದಿರುವಷ್ಟು ಮಟ್ಟಿಗೆ, ಪುಟದ ಮ್ಯಾಟರೆಲ್ಲ ಕನ್ನಡವಾಗಿ ಎದ್ದು ಬರುತ್ತದೆ. ಮೂಲ ಫೈಲು ಕಳೆದುಹೋಗಿ ಪಿಡಿಎಫ್ ಮಾತ್ರ ಉಳಿದ ಸಂಘದ ಉಪನಿಯಮವೊಂದನ್ನು ಹೀಗೆ ಹೊರತೆಗೆದು, ಪದಾಧಿಕಾರಿಗಳ ಹೆಸರು ಬದಲಿಸಿ ಮತ್ತೆ ಮುದ್ರಿಸಲು ಸಾಧ್ಯವಾಯಿತು. ಇಲ್ಲದಿದ್ದರೆ ಮೊದಲಿನಿಂದ ಕೊನೆಯವರೆಗೆ ಮತ್ತೆ ಟೈಪು ಮಾಡಬೇಕಾಗುತ್ತಿತ್ತು. ಪಿಡಿಎಫ್ ಕೂಡ ಇಲ್ಲದೆ ಕಾಗದದ ಪ್ರತಿ ಮಾತ್ರ ಇದ್ದಾಗ ಈ ಸಾಧನ ನೆರವಿಗೆ ಬಾರದು. ಆಗ ಕಾಗದವನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಲ್ಲಿರುವ ಕನ್ನಡವನ್ನು ಅದು ಪಠ್ಯವಾಗಿ ಓದಿಕೊಡುತ್ತದೆ. ಅದೂ ಉಚಿತವೇ, ಮುದ್ರಣ ಸ್ಪಷ್ಟವಾಗಿದ್ದಷ್ಟೂ ಫಲ ಚೆನ್ನಾಗಿರುತ್ತದೆ.

ಯೂನಿಕೋಡ್ ಪಠ್ಯದ ಬೆಲೆ ಏನೆಂದು ತಿಳಿಯಬೇಕಾದರೆ ‘ವಚನ ಸಂಚಯ’ ಜಾಲತಾಣವನ್ನು ನೋಡಬೇಕು. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಒಂದೆಡೆ ಇರಿಸಿರುವುದರಿಂದ, ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಗಳಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ಲಗ್ನಪತ್ರಿಕೆಯ ಮೇಲ್ಭಾಗದಲ್ಲಿ, ಗುರುವಂದನೆಯ ಆಮಂತ್ರಣದಲ್ಲಿ, ಶಾಲಾ ವಾರ್ಷಿಕೋತ್ಸವದ ಕರಪತ್ರದಲ್ಲಿ ವಚನದ ಸಾಲೊಂದನ್ನು ಹಾಕಿಸುವುದು ನಮ್ಮ ಕಡೆಯ ಸಂಪ್ರದಾಯ. ಗಿರಾಕಿಗಳು ನೆನಪಿನಿಂದ ಹೇಳುವ ಸಾಲಿನಲ್ಲಿ ಒಂದೆರಡು ಪದ ಅತ್ತಿತ್ತ ಆಗಿರುವುದುಂಟು. ಈಗ ನಾನು ಅಲ್ಲಿ ಹುಡುಕಿ ಪಾಠವನ್ನು ಸರಿಪಡಿಸಿಕೊಂಡೇ ಹಾಕುತ್ತೇನೆ. ಶರಣರ ಮಾತು ಅಂಗಡಿಯ ಅವಸರದಲ್ಲಿ ತಪ್ಪಾಗಿ ಅಚ್ಚಾಗಬಾರದು ಎಂಬ ಕಾಳಜಿ ನನ್ನದು.

ಇಲ್ಲಿ ಯೂನಿಕೋಡಿನಿಂದ ನುಡಿಗೆ ಹಿಂದಿರುಗುವ ದಾರಿಯ ಪ್ರಶ್ನೆ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಇನ್ನೂ ನಡೆಯುತ್ತಿರುವ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಆದರೆ ಗಿರಾಕಿಗಳು ಈಗ ಮ್ಯಾಟರನ್ನು ಕಾಗದದ ಮೇಲೆ ಬರೆದು ತರುವುದು ಕಡಿಮೆಯಾಗಿದೆ. “ಮ್ಯಾಟರ್ ಫೋನಿನ್ಯಾಗ ಕಳ್ಸೀನ್ರಿ ಅಣ್ಣಾರ, ಹಂಗ ಹಾಕಿಬಿಡ್ರಿ” ಎನ್ನುತ್ತಾರೆ, ಮತ್ತು ಹಾಗೆ ಕಳಿಸಿದ್ದೆಲ್ಲ ಯೂನಿಕೋಡಿನಲ್ಲಿರುತ್ತದೆ. ಅದನ್ನು ನೋಡಿಕೊಂಡು ಮತ್ತೆ ಟೈಪು ಮಾಡುವುದು ಎಂದರೆ ಇದ್ದ ಶ್ರಮವನ್ನು ಇಮ್ಮಡಿಗೊಳಿಸಿ ಹೊಸ ತಪ್ಪುಗಳಿಗೆ ಬಾಗಿಲು ತೆರೆಯುವುದು. ಯೂನಿಕೋಡಿನಿಂದ ಆಸ್ಕಿಗೆ ತಿರುಗಿಸಲು ನಾನು ನುಡಿ ತಂತ್ರಾಂಶದ ಜೊತೆಗೇ ಬರುವ ಪರಿವರ್ತಕವನ್ನು ಬಳಸುತ್ತೇನೆ. ಇದು ನಮ್ಮ ಕಂಪ್ಯೂಟರಿನಲ್ಲಿಯೇ ಇರುವುದರಿಂದ ಇಂಟರ್ನೆಟ್ ಬೇಕಾಗಿಲ್ಲ. ಇನ್ನೊಂದು ಕಾರಣಕ್ಕೂ ಇದು ಬೇಕು. ಆಧಾರ್ ಸಂಖ್ಯೆ, ಜಮೀನಿನ ವಿವರ, ಕುಟುಂಬದ ವಂಶಾವಳಿ ಇರುವ ಪತ್ರಗಳು ನಮ್ಮ ಕೈಗೆ ಬರುತ್ತವೆ. ಅಂಥವನ್ನು ಯಾವುದೇ ಜಾಲತಾಣದ ಚೌಕದಲ್ಲಿ ಅಂಟಿಸದೆ, ಎರಡೂ ದಿಕ್ಕಿನ ಪರಿವರ್ತನೆಯನ್ನು ಸ್ವಂತ ಕಂಪ್ಯೂಟರಿನಲ್ಲಿಯೇ ಮಾಡುವುದು ಗಿರಾಕಿಗಳು ನಮ್ಮ ಮೇಲೆ ಇಟ್ಟಿರುವ ನಂಬಿಕೆಗೆ ತಕ್ಕದ್ದು.

ಮೊಬೈಲಿನಿಂದ ಬಂದ ಮ್ಯಾಟರಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಅನುಸ್ವಾರ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವವರು ಬಹಳ ಮಂದಿ ಇದ್ದಾರೆ, ಏಕೆಂದರೆ ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ಅಂಥ ಪಠ್ಯವನ್ನು ನುಡಿಗೆ ತಿರುಗಿಸಿದಾಗ ಗಂಗಾವತಿ ಎಂಬ ಊರಿನ ಹೆಸರಿನ ನಡುವೆ ದಪ್ಪದೊಂದು ಇಂಗ್ಲಿಷ್ ಸೊನ್ನೆ ಬಂದು ನಿಲ್ಲುತ್ತದೆ. ಪರಿವರ್ತಿಸುವ ಮೊದಲೇ ಅಕ್ಷರಗಳ ನಡುವೆ ಸಿಕ್ಕಿರುವ ಸೊನ್ನೆಗಳನ್ನು ಹುಡುಕಿ ಅನುಸ್ವಾರಕ್ಕೆ ಬದಲಾಯಿಸಿಕೊಳ್ಳಬೇಕು. ತಾರೀಖು ಮತ್ತು ಮೊತ್ತಗಳಲ್ಲಿರುವ ನಿಜವಾದ ಸೊನ್ನೆಗಳು ಬದಲಾಗದಂತೆ ಒಂದೊಂದನ್ನೇ ನೋಡಿ ಮಾಡುವುದು ಕ್ಷೇಮ. ಎಮೋಜಿಗಳು ಹೇಗೂ ಉಳಿಯುವುದಿಲ್ಲ.

ಈ ಪರಿವರ್ತಕಕ್ಕೆ ಇನ್ನೇನು ಸೇರಿದರೆ ಚೆನ್ನಾಗಿತ್ತು ಎಂದು ಕೇಳಿದರೆ, ನನ್ನ ಮೊದಲ ಬಯಕೆ ವರ್ಡ್ ಫೈಲನ್ನೇ ನೇರವಾಗಿ ಕೊಟ್ಟು, ನುಡಿ ಫಾಂಟಿನಲ್ಲಿರುವುದನ್ನು ಮಾತ್ರ ತಿರುಗಿಸಿ ಉಳಿದದ್ದನ್ನು ಮುಟ್ಟದೆ ಬಿಡುವ ವ್ಯವಸ್ಥೆ. ಹಾಗಾದರೆ 371(ಜೆ)ಯಂಥ ಅಪಾಯ ಬೇರಿನಲ್ಲಿಯೇ ನಿವಾರಣೆಯಾಗುತ್ತದೆ, ಕೋಷ್ಟಕಗಳೂ ದಪ್ಪಕ್ಷರಗಳೂ ಇದ್ದಂತೆ ಉಳಿಯುತ್ತವೆ. ಮೂಲ ಸಂಕೇತ ಮುಕ್ತವಾಗಿರುವುದರಿಂದ ಇದನ್ನು ಮಾಡುವ ದಾರಿ ಯಾರಿಗೂ ಮುಚ್ಚಿಲ್ಲ. ಕೊಪ್ಪಳ, ಗಂಗಾವತಿಗಳ ಪದವಿ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿಗೆ ಇದನ್ನು ಆರಿಸಿಕೊಂಡರೆ ಅವರ ಕೆಲಸವನ್ನು ಜಿಲ್ಲೆಯ ಪ್ರತಿಯೊಂದು ಡಿಟಿಪಿ ಅಂಗಡಿಯವರೂ ಮರುದಿನದಿಂದಲೇ ಬಳಸಲು ಸಿದ್ಧರಿದ್ದಾರೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಪರಿವರ್ತಿಸಿದ ಮ್ಯಾಟರಿಗೆ ಯಾವ ಫಾಂಟು ಹಾಕಬೇಕೆಂಬುದು ಅಂಗಡಿಯವರು ನನ್ನನ್ನು ಕೇಳುವ ಮತ್ತೊಂದು ಪ್ರಶ್ನೆ. ಯೂನಿಕೋಡಿನಲ್ಲಿ ಚೆಂದದ ಫಾಂಟುಗಳಿಲ್ಲ ಎಂಬ ಅಭಿಪ್ರಾಯ ಇನ್ನೂ ಉಳಿದಿದೆ. ಅದು ಈಗ ಸರಿಯಲ್ಲ. ಉದ್ದನೆಯ ಓದಿಗೆ ನೋಟೋ ಸೆರಿಫ್ ಕನ್ನಡ ಮತ್ತು ಟಿರೋ ಕನ್ನಡ, ಶೀರ್ಷಿಕೆಗೆ ಬಲೂ ತಮ್ಮ, ಕೈಬರಹದ ಸೊಗಸು ಬೇಕಾದಲ್ಲಿ ನವಿಲು, ಇವೆಲ್ಲ ಉಚಿತವಾಗಿಯೇ ಸಿಗುತ್ತವೆ. ಪುಟವಿನ್ಯಾಸಕ್ಕೆ ಹಣ ತೆತ್ತು ತಂತ್ರಾಂಶ ಕೊಳ್ಳಲಾಗದವರು ಸ್ಕ್ರೈಬಸ್‌ನ ಈಚಿನ ಆವೃತ್ತಿಯನ್ನು ಪ್ರಯತ್ನಿಸಬಹುದು. ಅದರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ.

ಪುಷ್ಯ ಮಾಸದ ಗವಿಮಠದ ಜಾತ್ರೆಗೆ ಮುಂಚಿನ ವಾರಗಳಲ್ಲಿ ಯಾವ ಮುದ್ರಣಾಲಯಕ್ಕೂ ಬಿಡುವಿರುವುದಿಲ್ಲ. ಹಳೆಯ ಫೈಲುಗಳನ್ನು ತಿರುಗಿಸುವ ಕೆಲಸಕ್ಕೆ ಮಳೆಗಾಲದ ಬಿಡುವಿನ ದಿನಗಳೇ ಸೂಕ್ತ. ಮತ್ತೆ ಮತ್ತೆ ಬೇಕಾಗುವ ಅರ್ಜಿ ನಮೂನೆಗಳನ್ನೂ ಸಂಘಗಳ ಉಪನಿಯಮಗಳನ್ನೂ ಮೊದಲು ಎತ್ತಿಕೊಂಡು, ಪ್ರತಿ ಫೈಲಿನ ಹೆಸರಿನ ಕೊನೆಗೆ ‘ಯೂನಿಕೋಡ್’ ಎಂದು ಸೇರಿಸಿ ಬೇರೆ ಫೋಲ್ಡರಿನಲ್ಲಿ ಇಡಬೇಕು. ಮೂಲದ ನುಡಿ ಫೈಲನ್ನು ಅಳಿಸಬಾರದು. ನುಡಿ ಫಾಂಟು ಇರುವ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿ ಜೊತೆಗೆ ಇಟ್ಟುಕೊಂಡರೆ, ಮುಂದೆ ಯಾವುದಾದರೂ ಹೆಸರಿನ ಬಗ್ಗೆ ಸಂಶಯ ಬಂದಾಗ ಹೋಲಿಸಿ ನೋಡಲು ಅನುಕೂಲವಾಗುತ್ತದೆ.